ಕಿಡಿ ಹುಡುಕುವ ಕ್ರಮ: ಹಳೆಯ ವಾಹನ ಮತ್ತು ಟ್ರ್ಯಾಕ್ಟರ್‌ಗಳ ಇಗ್ನಿಷನ್ ದೋಷ ಪತ್ತೆ

ಹ್ಯಾಂಡಲ್ ಹಾಕಿದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುತ್ತಿದೆ, ಸಿಲಿಂಡರುಗಳಲ್ಲಿ ಕಂಪ್ರೆಷನ್ ಕೂಡ ಇದೆ. ಆದರೂ ಎಂಜಿನ್ ಒಂದು ಸಲವೂ ಉಸಿರೆತ್ತುವುದಿಲ್ಲ. ಹಳೆಯ ಕಾರು, ಜೀಪು, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದು ಹೊಸ ಅನುಭವವಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಹೊಸ ಪ್ಲಗ್, ಹೊಸ ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸಂಪರ್ಕ), ಹೊಸ ಕಂಡೆನ್ಸರ್ ತಂದು ಎಲ್ಲವನ್ನೂ ಒಂದೇ ಸಲಕ್ಕೆ ಬದಲಾಯಿಸುವುದು. ಅದರಿಂದ ಎಂಜಿನ್ ಚಾಲೂ ಆದರೂ ದೋಷ ಎಲ್ಲಿತ್ತೆಂಬುದು ತಿಳಿಯದೆ ಉಳಿಯುತ್ತದೆ. ಆಗದಿದ್ದರೆ ಹಳೆಯ ದೋಷದ ಜೊತೆಗೆ ಹೊಸ ಬಿಡಿಭಾಗದ ದೋಷವೂ ಸೇರಿಕೊಂಡು ಹುಡುಕಾಟ ಇನ್ನಷ್ಟು ಗೋಜಲಾಗುತ್ತದೆ. ಕರೆಂಟ್ ಹರಿಯುವ ದಾರಿಯನ್ನೇ ಹಿಡಿದು, ಒಂದೊಂದು ತಾಣದಲ್ಲೂ ನಿಂತು ಪರೀಕ್ಷಿಸುತ್ತ ಹೋಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಬೇಕಾಗುವ ಸಾಮಾನುಗಳು ಕೆಲವೇ: ಎರಡು ತುಂಡು ವೈರಿಗೆ ಬೆಸೆದ ಸಣ್ಣ ಬಲ್ಬು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಕೆಲಸ ಮಾಡುತ್ತದೆಂದು ಖಾತ್ರಿಯಿರುವ ಒಂದು ಹಳೆಯ ಪ್ಲಗ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ ಇಲ್ಲಿ ಹೇಳಿದ್ದೆಲ್ಲ ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಎಂಜಿನ್ನುಗಳಿಗೆ ಅನ್ವಯಿಸುತ್ತದೆ.

ಯಾವ ಬಗೆಯ ವ್ಯವಸ್ಥೆ ಎಂಬುದು ಮೊದಲು ಗೊತ್ತಿರಬೇಕು

ಹಳೆಯ ಎಂಜಿನ್ನುಗಳಲ್ಲಿ ಕಿಡಿ ಹುಟ್ಟಿಸುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು ಮ್ಯಾಗ್ನೆಟೊ, ಇದಕ್ಕೆ ಬ್ಯಾಟರಿ ಬೇಕಿಲ್ಲ, ಕಾಯಂ ಅಯಸ್ಕಾಂತ ಮತ್ತು ಸುರುಳಿಗಳ ನಡುವಣ ಚಲನೆಯಿಂದಲೇ ಕರೆಂಟ್ ಹುಟ್ಟುತ್ತದೆ. ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿ 1897ರಲ್ಲಿ ಕಡಿಮೆ ವೋಲ್ಟೇಜಿನ ಮ್ಯಾಗ್ನೆಟೊವನ್ನು ವಾಹನಕ್ಕೆ ಅಳವಡಿಸಲಾಯಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಗಾಟ್ಲೊಬ್ ಹೊನೊಲ್ಡ್ 1902ರಲ್ಲಿ ಸ್ಪಾರ್ಕ್ ಪ್ಲಗ್ಗಿನೊಂದಿಗೆ ಕೆಲಸ ಮಾಡುವ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊವನ್ನು ರೂಪಿಸಿದರು. ಎರಡನೆಯದು ಬ್ಯಾಟರಿ ಮತ್ತು ಕಾಯಿಲ್ ವ್ಯವಸ್ಥೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ಇದನ್ನು ಕ್ಯಾಡಿಲಾಕ್ ಕಾರಿಗಾಗಿ ಬಳಕೆಗೆ ತಂದರು. ಎಲೆಕ್ಟ್ರಾನಿಕ್ ಇಗ್ನಿಷನ್ ಬರುವವರೆಗೂ ಬಹುಪಾಲು ಕಾರುಗಳು ಇದನ್ನೇ ನೆಚ್ಚಿಕೊಂಡಿದ್ದವು. ಟ್ರ್ಯಾಕ್ಟರುಗಳಲ್ಲಿ ಮ್ಯಾಗ್ನೆಟೊ ಬಹುಕಾಲ ಉಳಿಯಿತು, ಏಕೆಂದರೆ ಬ್ಯಾಟರಿ ಇಲ್ಲದೆಯೂ ಹೊಲದಲ್ಲಿ ಕೈಯಿಂದ ಚಾಲೂ ಮಾಡಬಹುದಾದ ಯಂತ್ರ ರೈತನಿಗೆ ಬೇಕಾಗಿತ್ತು.

ಈ ಎರಡು ವ್ಯವಸ್ಥೆಗಳು ಆಫ್ ಆಗುವ ರೀತಿ ಒಂದಕ್ಕೊಂದು ತದ್ವಿರುದ್ಧವೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಕ್ಕೆ ಹೋಗಬಾರದು. ಕಾಯಿಲ್ ವ್ಯವಸ್ಥೆಯಲ್ಲಿ ಸ್ವಿಚ್ ಆಫ್ ಮಾಡಿದರೆ ವೈರಿನ ಸಂಪರ್ಕ ಕಡಿಯುತ್ತದೆ, ಕರೆಂಟ್ ನಿಲ್ಲುತ್ತದೆ. ಮ್ಯಾಗ್ನೆಟೊದಲ್ಲಿ ಸ್ವಿಚ್ ಆಫ್ ಮಾಡಿದರೆ ಅದರ ವೈರ್ ಅರ್ತ್‌ಗೆ, ಅಂದರೆ ಯಂತ್ರದ ಲೋಹದ ಮೈಗೆ ತಾಗುತ್ತದೆ. ಆದ್ದರಿಂದ ತುಂಡಾದ ವೈರ್ ಕಾಯಿಲ್ ಎಂಜಿನ್ನನ್ನು ನಿಲ್ಲಿಸಿದರೆ, ಮ್ಯಾಗ್ನೆಟೊ ಎಂಜಿನ್ನನ್ನು ನಿಲ್ಲಿಸಲಾಗದಂತೆ ಮಾಡುತ್ತದೆ. ಮ್ಯಾಗ್ನೆಟೊದ ಸ್ವಿಚ್ಚಿನ ತಂತಿಗೆ ಬ್ಯಾಟರಿಯ ಕರೆಂಟನ್ನು ಯಾವ ಕಾರಣಕ್ಕೂ ಕೊಡಬಾರದು. ಸುರುಳಿ ಹಾಳಾಗುತ್ತದೆ, ಅಯಸ್ಕಾಂತದ ಬಲವೂ ಕುಂದಬಹುದು.

ಕಿಡಿ ಹುಟ್ಟುವ ಬಗೆ

ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳಿವೆ. ದಪ್ಪ ತಂತಿಯ ಪ್ರೈಮರಿಯಲ್ಲಿ ಕೆಲವು ನೂರು ಸುತ್ತುಗಳು, ಕೂದಲಿನಷ್ಟು ಸಣ್ಣ ತಂತಿಯ ಸೆಕೆಂಡರಿಯಲ್ಲಿ ಅದರ ಸುಮಾರು 100 ಪಟ್ಟು ಸುತ್ತುಗಳು. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಮ್ (ಉಬ್ಬುಗಳಿರುವ ತಿರುಗುವ ಭಾಗ) ಪಾಯಿಂಟನ್ನು ತೆರೆದ ಕ್ಷಣದಲ್ಲಿ ಆ ಕ್ಷೇತ್ರ ಕುಸಿಯುತ್ತದೆ. ಆ ಕುಸಿತದಿಂದ ಪ್ರೈಮರಿಯಲ್ಲೇ 200ರಿಂದ 300 ವೋಲ್ಟ್ ಹುಟ್ಟಿ, ಸೆಕೆಂಡರಿಯಲ್ಲಿ ಹಲವು ಸಾವಿರ ವೋಲ್ಟಿಗೆ ಏರುತ್ತದೆ. ಕಿಡಿ ಹುಟ್ಟುವುದು ಪಾಯಿಂಟ್ ಮುಚ್ಚಿದಾಗಲ್ಲ, ತೆರೆದಾಗ. ಇಷ್ಟನ್ನು ಸರಿಯಾಗಿ ಗ್ರಹಿಸಿಕೊಂಡವರಿಗೆ ಮುಂದಿನ ಪರೀಕ್ಷೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಹೊಳೆಯುತ್ತವೆ.

ಕುಸಿತ ಎಷ್ಟು ಥಟ್ಟನೆ ಆಗುತ್ತದೆಯೋ ವೋಲ್ಟೇಜ್ ಅಷ್ಟು ಹೆಚ್ಚು. ಪಾಯಿಂಟ್ ಬೇರ್ಪಡುವಾಗ ಕರೆಂಟ್ ಆ ಸಣ್ಣ ಸಂದಿನಲ್ಲೇ ಜಿಗಿದು ಹರಿಯುತ್ತಿದ್ದರೆ ಕುಸಿತ ನಿಧಾನವಾಗುತ್ತದೆ, ಕಿಡಿ ಬಲ ಕಳೆದುಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಪಾಯಿಂಟಿಗೆ ಸಮಾನಾಂತರವಾಗಿ ಕಂಡೆನ್ಸರ್ ಇದೆ. ಅದು ಆ ಕ್ಷಣದ ಕರೆಂಟನ್ನು ತನ್ನೊಳಕ್ಕೆ ತೆಗೆದುಕೊಂಡು ಪಾಯಿಂಟಿಗೆ ದೂರ ಸರಿಯಲು ಸಮಯ ಕೊಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು. ಒಂದೊಂದು ಕಿಡಿಗೂ ಸಿಗುವ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗ, ಅದರಲ್ಲೂ ಪಾಯಿಂಟ್ ಮುಚ್ಚಿರುವುದು ಸುಮಾರು ಮೂರನೆಯ ಎರಡು ಪಾಲು ಮಾತ್ರ. ನಿಧಾನಗತಿಯಲ್ಲಿ ಚೆನ್ನಾಗಿ ಓಡುವ ಎಂಜಿನ್ ವೇಗ ಏರಿಸಿದೊಡನೆ ಮಿಸ್ ಹೊಡೆಯುವುದಕ್ಕೆ ಹಲವು ಸಲ ಈ ಬಿಗಿಯಾದ ಲೆಕ್ಕಾಚಾರವೇ ಕಾರಣ.

ಮೊದಲ ಪರೀಕ್ಷೆ: ದೋಷ ಕಿಡಿಯದೇ ಹೌದೇ?

ಎಂಜಿನ್ ನಿಂತ ರೀತಿಯೇ ಅರ್ಧ ಉತ್ತರ ಹೇಳುತ್ತದೆ. ಯಾರೋ ಸ್ವಿಚ್ ತಿರುಗಿಸಿದಂತೆ ಒಮ್ಮೆಲೇ ನಿಂತರೆ ಸಂಶಯ ಇಗ್ನಿಷನ್ ಕಡೆಗೆ. ತಡವರಿಸುತ್ತ, ಬಲ ಕಳೆದುಕೊಳ್ಳುತ್ತ, ನಡುವೆ ಒಮ್ಮೆ ಚೇತರಿಸಿಕೊಂಡು ನಿಂತರೆ ಇಂಧನದ ಕಡೆಗೆ. ಇದು ಎಲ್ಲ ಸಲವೂ ನಿಜವಾಗದು, ಆದರೂ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ತೋರಿಸಲು ಸಾಕು.

ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಹತ್ತಿರದಲ್ಲಿ ಚೆಲ್ಲಿದ ಪೆಟ್ರೋಲ್ ಇಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬಳಿಕ ಪರೀಕ್ಷೆಯ ಪ್ಲಗ್ಗಿಗೆ ವೈರ್ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಪ್ಲಗ್ ಕಳಚಿದ ತೂತಿನಿಂದ ದೂರವಿಟ್ಟು, ಎಂಜಿನ್ನನ್ನು ತಿರುಗಿಸಿ ನೋಡಬೇಕು. ಹೊರಗಿನ ಗಾಳಿಯಲ್ಲಿ ಪ್ಲಗ್ಗಿನ ಸಣ್ಣ ಸಂದನ್ನು ಹಾರುವುದು ಸುಲಭ, ಆದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಅದೇ ಸಂದನ್ನು ಹಾರಲು ಹಲವು ಪಟ್ಟು ಹೆಚ್ಚು ವೋಲ್ಟೇಜ್ ಬೇಕು. ಹೀಗಾಗಿ ಹೊರಗೆ ಕಿಡಿ ಕಂಡಿತೆಂದು ನೆಮ್ಮದಿಪಡಬಾರದು. ನನ್ನ ಪರೀಕ್ಷೆಯ ಪ್ಲಗ್ಗಿನ ಪಕ್ಕದ ಎಲೆಕ್ಟ್ರೋಡನ್ನು ಬಗ್ಗಿಸಿ ಸಂದನ್ನು 5ರಿಂದ 6 ಮಿ.ಮೀ.ಗೆ ಹಿಗ್ಗಿಸಿಕೊಂಡಿದ್ದೇನೆ, ಅಷ್ಟು ಅಗಲವನ್ನು ಚಟಪಟ ಸದ್ದಿನೊಂದಿಗೆ ನೀಲಿ ಕಿಡಿ ಹಾರಿದರೆ ಮಾತ್ರ ಕಾಯಿಲ್‌ವರೆಗಿನ ದಾರಿ ಸರಿಯಿದೆಯೆಂದು ಒಪ್ಪುತ್ತೇನೆ. ತೆಳುವಾದ ಹಳದಿ ಕಿಡಿ ಅಥವಾ ಒಮ್ಮೆ ಹಾರಿ ಒಮ್ಮೆ ತಪ್ಪುವ ಕಿಡಿ ಬಲಹೀನತೆಯ ಗುರುತು.

ಹ್ಯಾಂಡಲ್ ತಿರುಗಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಟ್ಟುಕೊಂಡು, ಹ್ಯಾಂಡಲನ್ನು ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದಿರುವ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಕ್ಷಣದ ಕೆಲಸ.

ಪಾಯಿಂಟಿನ ತಂತಿಯಲ್ಲಿ ಬಲ್ಬು

ಇಡೀ ವ್ಯವಸ್ಥೆಯನ್ನು ಎರಡು ಪಾಲು ಮಾಡುವ ತಾಣವೊಂದಿದೆ. ಅದು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿ. ಬಲ್ಬಿನ ಒಂದು ತುದಿಯನ್ನು ಆ ತಂತಿ ಕಾಯಿಲ್‌ಗೆ ಸೇರುವ ಟರ್ಮಿನಲ್‌ಗೂ ಮತ್ತೊಂದು ತುದಿಯನ್ನು ಎಂಜಿನ್ನಿನ ಮೈಗೂ ತಾಗಿಸಿ, ಸ್ವಿಚ್ ಆನ್ ಮಾಡಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಪಾಯಿಂಟ್ ತೆರೆದಾಗ ಬಲ್ಬು ಬೆಳಗಬೇಕು, ಮುಚ್ಚಿದಾಗ ಆರಬೇಕು. ಹೀಗೆ ಮಿನುಗುತ್ತಿದ್ದರೆ ಬ್ಯಾಟರಿ, ಸ್ವಿಚ್, ಪ್ರೈಮರಿ ಸುರುಳಿ, ಪಾಯಿಂಟ್ ಇಷ್ಟೂ ಒಂದೇ ಏಟಿಗೆ ಸಂಶಯದ ಪಟ್ಟಿಯಿಂದ ಬಹುಮಟ್ಟಿಗೆ ಹೊರಗೆ ಹೋಗುತ್ತವೆ. ಇದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಹಳೆಯ ಇಗ್ನಿಷನ್‌ನಲ್ಲಿ ಬೇರೊಂದಿಲ್ಲವೆಂದು ನನ್ನ ದೃಢ ಅಭಿಪ್ರಾಯ.

ಬಲ್ಬು ಸದಾ ಉರಿಯುತ್ತಲೇ ಇದ್ದರೆ ಪಾಯಿಂಟ್ ವಿದ್ಯುತ್ತಿನ ದೃಷ್ಟಿಯಿಂದ ಮುಚ್ಚುತ್ತಿಲ್ಲವೆಂದು ಅರ್ಥ. ಬಹುಕಾಲ ನಿಂತ ವಾಹನಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ ದೋಷ: ಪಾಯಿಂಟಿನ ಮುಖಗಳ ಮೇಲೆ ಕಣ್ಣಿಗೆ ಕಾಣಿಸದಷ್ಟು ತೆಳುವಾದ ಕಿಲುಬಿನ ಪದರ ಕಟ್ಟಿಕೊಂಡಿರುತ್ತದೆ, ಎರಡೂ ಮುಖಗಳು ತಾಗಿಕೊಂಡಿದ್ದರೂ ಕರೆಂಟ್ ದಾಟುವುದಿಲ್ಲ. ನಯವಾದ ಪಾಯಿಂಟ್ ಅರದಿಂದ ಎರಡೆಳೆ ಎಳೆದು, ಬಳಿಕ ದಪ್ಪ ಬಿಳಿ ಕಾಗದದ ತುಂಡನ್ನು ಮುಖಗಳ ನಡುವೆ ಇಟ್ಟು ಎಳೆದರೆ ಕಾಗದದ ಮೇಲೆ ಬೂದು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೂ ಹೊಸ ಕಾಗದ ಎಳೆಯುತ್ತಿರಬೇಕು. ಎಮರಿ ಕಾಗದ ಬಳಸಬಾರದು, ಅದರ ಹರಳುಗಳು ಲೋಹದಲ್ಲಿ ಹೂತುಕೊಂಡು ಮತ್ತೆ ಅದೇ ದೋಷವನ್ನು ಹುಟ್ಟಿಸುತ್ತವೆ. ಹೊಸ ಪಾಯಿಂಟುಗಳಿಗೂ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುವುದುಂಟು. ಅದನ್ನು ಒರೆಸದೆ ಕೂರಿಸಿದವರು ಹೊಸ ಪಾಯಿಂಟನ್ನೇ ದೂರುತ್ತಾರೆ.

ಬಲ್ಬು ಒಮ್ಮೆಯೂ ಬೆಳಗದಿದ್ದರೆ ಅದನ್ನು ಕಾಯಿಲ್‌ನ ಇನ್ನೊಂದು ಸಣ್ಣ ಟರ್ಮಿನಲ್‌ಗೆ, ಅಂದರೆ ಸ್ವಿಚ್ಚಿನಿಂದ ಕರೆಂಟ್ ಬರುವ ಕಡೆಗೆ ತಾಗಿಸಬೇಕು. ಅಲ್ಲಿಯೂ ಬೆಳಗದಿದ್ದರೆ ದೋಷ ಸ್ವಿಚ್ಚಿನಲ್ಲೋ, ಅದರ ವೈರಿನಲ್ಲೋ, ಬ್ಯಾಟರಿಯ ಟರ್ಮಿನಲ್ಲಿನಲ್ಲೋ ಇದೆ. ಅಲ್ಲಿ ಬೆಳಗಿ ಇಲ್ಲಿ ಬೆಳಗದಿದ್ದರೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಯನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ನೋಡಬೇಕು. ಈಗ ಬೆಳಗಿತೆಂದರೆ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲೋ ಕರೆಂಟ್ ಅರ್ತ್‌ಗೆ ಸೋರುತ್ತಿದೆ: ಶಾರ್ಟ್ ಆದ ಕಂಡೆನ್ಸರ್, ಅಥವಾ ಪಾಯಿಂಟ್ ಬದಲಾಯಿಸುವಾಗ ತಪ್ಪಾಗಿ ಕೂರಿಸಿದ ಫೈಬರ್ ವಾಷರ್. ಆಗಲೂ ಬೆಳಗದಿದ್ದರೆ ಕಾಯಿಲ್‌ನ ಪ್ರೈಮರಿಯೇ ಕಡಿದಿದೆ.

ಇಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳಲೇಬೇಕು. 1950ರ ದಶಕದ ಕಾರೊಂದು ನಿಂತಲ್ಲೇ ಗಂಟೆಗಟ್ಟಲೆ ನಯವಾಗಿ ಓಡುತ್ತಿತ್ತು, ರಸ್ತೆಗಿಳಿದು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದೊಡನೆ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಕಾಯಿಲ್, ಕಂಡೆನ್ಸರ್, ಪಾಯಿಂಟ್ ಎಲ್ಲವನ್ನೂ ಬದಲಾಯಿಸಲಾಗಿತ್ತು. ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಲಾಗಿತ್ತು. ಕಡೆಗೆ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಬಲ್ಬು ಹಚ್ಚಿ, ಪಾಯಿಂಟ್ ಮುಚ್ಚಿರುವಂತೆ ಎಂಜಿನ್ನನ್ನು ನಿಲ್ಲಿಸಿ, ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಹೀರುವ ಬಲದಿಂದ ಕಿಡಿಯನ್ನು ಮುಂದಕ್ಕೆ ತರುವ ಸಾಧನ) ಎಳೆಯುವ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಆರಿದ್ದ ಬಲ್ಬು ಬೆಳಗಿತು. ತಟ್ಟೆ ಬಿಟ್ಟರೆ ಮತ್ತೆ ಆರಿತು. ಟರ್ಮಿನಲ್‌ನಿಂದ ಪಾಯಿಂಟಿಗೆ ಬರುವ ಬೆರಳುದ್ದದ ಮೆದು ತಂತಿ ಬಟ್ಟೆಯ ಹೊದಿಕೆಯೊಳಗೆ ತುಂಡಾಗಿತ್ತು, ಹೊರಗಿನಿಂದ ಹೊದಿಕೆ ಅಖಂಡವಾಗಿತ್ತು. ತಟ್ಟೆ ತನ್ನ ಜಾಗದಲ್ಲಿರುವಾಗ ತುಂಡಾದ ಎಳೆಗಳ ತುದಿಗಳು ತಾಗಿಕೊಂಡಿರುತ್ತಿದ್ದವು, ವ್ಯಾಕ್ಯೂಮ್ ಎಳೆದಾಗ ಅಗಲುತ್ತಿದ್ದವು. ತಟ್ಟೆಗೆ ಅರ್ತ್ ಕೊಡುವ ಹೆಣೆದ ತಂತಿಯೂ ಇದೇ ರೀತಿ ಸವೆದು ಕಡಿಯುತ್ತದೆ. ಅಂದಿನಿಂದ ಬಲ್ಬಿನ ಪರೀಕ್ಷೆಯನ್ನು ತಟ್ಟೆಯನ್ನು ಅಲುಗಿಸದೆ ನಾನು ಮುಗಿಸುವುದಿಲ್ಲ.

ಪಾಯಿಂಟಿನ ಸಂದು

ಪಾಯಿಂಟ್ ಪೂರ್ತಿ ತೆರೆದಿರುವಾಗ, ಅಂದರೆ ಕ್ಯಾಮಿಗೆ ಒರೆಸಿಕೊಂಡು ಹೋಗುವ ಅದರ ಹಿಮ್ಮಡಿ ಕ್ಯಾಮಿನ ತುತ್ತತುದಿಯಲ್ಲಿರುವಾಗ, ಸಂದನ್ನು ಅಳೆಯಬೇಕು. ನಾಲ್ಕು ಸಿಲಿಂಡರಿನ ಹಲವು ಬ್ರಿಟಿಷ್ ವಾಹನಗಳಿಗೆ 0.014ರಿಂದ 0.016 ಇಂಚು, ಸುಮಾರು 0.35ರಿಂದ 0.40 ಮಿ.ಮೀ. ಆದರೆ ಒಂದೇ ಕುಟುಂಬದ ಯಂತ್ರಗಳಲ್ಲೂ ಇದು ಬದಲಾಗುತ್ತದೆ: ಫೋರ್ಡ್ 8ಎನ್ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಮುಂದೆ ಡಿಸ್ಟ್ರಿಬ್ಯೂಟರ್ ಇರುವ ಮೊದಲಿನ ಮಾದರಿಗೆ 0.015 ಇಂಚು, ಬದಿಯಲ್ಲಿ ಇರುವ ನಂತರದ ಮಾದರಿಗೆ 0.025 ಇಂಚು. ಒಂದರ ಅಳತೆಯನ್ನು ಇನ್ನೊಂದಕ್ಕೆ ಕೊಟ್ಟರೆ ಎಂಜಿನ್ ಓಡಬಹುದು, ಆದರೆ ಸರಿಯಾಗಿ ಓಡುವುದಿಲ್ಲ.

ಸಂದು ಹೆಚ್ಚಾದರೆ ಪಾಯಿಂಟ್ ಮುಚ್ಚಿರುವ ಅವಧಿ ಕಡಿಮೆಯಾಗಿ ವೇಗದಲ್ಲಿ ಕಿಡಿ ಕ್ಷೀಣಿಸುತ್ತದೆ, ಜೊತೆಗೆ ಟೈಮಿಂಗ್ ಮುಂದಕ್ಕೆ ಸರಿಯುತ್ತದೆ. ಹಿಮ್ಮಡಿ ಸವೆದು ಸಂದು ಕಡಿಮೆಯಾದರೆ ಟೈಮಿಂಗ್ ಹಿಂದಕ್ಕೆ ಬೀಳುತ್ತದೆ, ಪಾಯಿಂಟ್ ಸುಡುತ್ತದೆ. ಆದ್ದರಿಂದ ಮೊದಲು ಸಂದು, ಬಳಿಕವೇ ಟೈಮಿಂಗ್. ಹಳೆಯ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಮತ್ತೊಂದರಲ್ಲಿ ಗುಬ್ಬಿ ಎದ್ದಿದ್ದರೆ ಫೀಲರ್ ಗೇಜ್ ಗುಬ್ಬಿಯ ತುದಿಯನ್ನು ಅಳೆದು ಸುಳ್ಳು ಹೇಳುತ್ತದೆ. ಅಂಥಲ್ಲಿ ಮುಖ ಸಮಮಾಡದೆ ಅಳೆಯುವುದು ವ್ಯರ್ಥ. ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಬೆರಳುಗಳ ನಡುವೆ ಹಿಡಿದು ಅತ್ತಿತ್ತ ಅಲುಗಿಸಿ ನೋಡಬೇಕು. ಅಲುಗಾಟ ಕೈಗೆ ತಿಳಿಯುವಷ್ಟಿದ್ದರೆ ಬುಷ್ ಸವೆದಿದೆ, ಒಂದೊಂದು ಸಿಲಿಂಡರಿಗೂ ಒಂದೊಂದು ಸಂದು ಸಿಗುತ್ತದೆ, ಎಷ್ಟು ಸಲ ಹೊಂದಿಸಿದರೂ ನಿಲ್ಲುವುದಿಲ್ಲ.

ಕಂಡೆನ್ಸರ್ ಮತ್ತು ಕಾಯಿಲ್

ಬಲ್ಬು ಮಿನುಗುತ್ತಿದೆ, ಆದರೆ ಕಾಯಿಲ್‌ನ ನಡುವಿನ ದಪ್ಪ ವೈರಿನಲ್ಲಿ ಕಿಡಿ ಇಲ್ಲ ಅಥವಾ ಬಲಹೀನವಾಗಿದೆ. ಆಗ ಕ್ಯಾಪ್ ತೆಗೆದು, ನೆರಳಿನಲ್ಲಿ, ಸ್ವಿಚ್ ಆನ್ ಇಟ್ಟು ಮುಚ್ಚಿದ ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆದು ನೋಡಬೇಕು. ಕಂಡೆನ್ಸರ್ ಸರಿಯಿದ್ದರೆ ಪಾಯಿಂಟಿನಲ್ಲಿ ಕಾಣುವುದು ತೀರ ಸಣ್ಣ ಮಿಣುಕು. ದಪ್ಪನೆಯ ಬಿಳಿ ನೀಲಿ ಜ್ವಾಲೆಯಂಥ ಕಿಡಿ ಕಂಡರೆ ಕಂಡೆನ್ಸರ್ ಒಳಗೆ ಕಡಿದಿದೆ ಅಥವಾ ಅದರ ಮೈಗೆ ಅರ್ತ್ ಸಿಗುತ್ತಿಲ್ಲ. ಅದನ್ನು ಬಿಗಿದ ಸ್ಕ್ರೂ ಸಡಿಲವಿದ್ದರೂ ಇದೇ ಲಕ್ಷಣ, ಹೊಸದನ್ನು ತರುವ ಮುನ್ನ ಸ್ಕ್ರೂ ನೋಡಬೇಕು. ಹೆಚ್ಚಿನ ಹಳೆಯ ವಾಹನಗಳ ಕಂಡೆನ್ಸರ್ ಸುಮಾರು 0.2 ಮೈಕ್ರೊಫ್ಯಾರಡ್‌ನದು. ಮೀಟರಿನಲ್ಲಿ ಆ ಅಂಕಿ ಬಂದ ಮಾತ್ರಕ್ಕೆ ಅದು ಚೆನ್ನಾಗಿದೆಯೆಂದಲ್ಲ, ಏಕೆಂದರೆ ಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ, ಎಂಜಿನ್ನಿನಲ್ಲಿ ಅದು ನೂರಾರು ವೋಲ್ಟನ್ನೂ ಬಿಸಿಯನ್ನೂ ತಡೆಯಬೇಕು. ಸಂಶಯವಿದ್ದರೆ ಚೆನ್ನಾಗಿರುವ ಇನ್ನೊಂದನ್ನು ಹೊರಗಿನಿಂದ ಕಟ್ಟಿ, ಹಳೆಯದನ್ನು ಬೇರ್ಪಡಿಸಿ ಓಡಿಸಿ ನೋಡುವುದೇ ನಂಬತಕ್ಕ ಪರೀಕ್ಷೆ.

ಕಾಯಿಲ್‌ನ ಪ್ರೈಮರಿ 12 ವೋಲ್ಟಿನದಾದರೆ ಸುಮಾರು 3 ಓಮ್, 6 ವೋಲ್ಟಿನದಾದರೆ ಅಥವಾ ಬ್ಯಾಲಸ್ಟ್ ರೆಸಿಸ್ಟರಿನೊಂದಿಗೆ (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ತಡೆ) ಬಳಸುವಂಥದ್ದಾದರೆ ಸುಮಾರು 1.5 ಓಮ್, ಸೆಕೆಂಡರಿ ಹಲವು ಸಾವಿರ ಓಮ್. 6 ವೋಲ್ಟಿನ ಟ್ರ್ಯಾಕ್ಟರನ್ನು 12 ವೋಲ್ಟಿಗೆ ಬದಲಿಸಿಕೊಂಡು ಹಳೆಯ ಕಾಯಿಲನ್ನೇ ರೆಸಿಸ್ಟರ್ ಇಲ್ಲದೆ ಬಿಟ್ಟವರ ಕಾಯಿಲ್ ಬೇಗನೆ ಬಿಸಿಯಾಗಿ ಹಾಳಾಗುತ್ತದೆ, ಪಾಯಿಂಟ್ ಸುಡುತ್ತದೆ. ಎಂಜಿನ್ ನಿಂತಿರುವಾಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಸ್ವಿಚ್ ಆನ್ ಮರೆತುಬಿಟ್ಟರೂ 12 ವೋಲ್ಟಿನ ಕಾಯಿಲ್‌ನಲ್ಲಿ 4 ಆಂಪಿಯರ್ ಬಿಡುವಿಲ್ಲದೆ ಹರಿಯುತ್ತಿರುತ್ತದೆ. ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರುಗಳಲ್ಲಿ ಒಂದು ಲಕ್ಷಣ ಎಷ್ಟು ಸ್ಪಷ್ಟವೆಂದರೆ ಬೇರೆ ಪರೀಕ್ಷೆಯೇ ಬೇಡ: ಸ್ಟಾರ್ಟರ್ ತಿರುಗುವಾಗ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕ್ಷಣ ಸತ್ತುಹೋಗುತ್ತದೆ. ಸ್ಟಾರ್ಟ್ ಆಗುವಾಗ ರೆಸಿಸ್ಟರನ್ನು ತಪ್ಪಿಸಿ ಸುತ್ತಿ ಹೋಗುವ ಬೇರೆ ದಾರಿಯಿರುತ್ತದೆ, ಓಡುವಾಗ ಇರುವುದಿಲ್ಲ, ರೆಸಿಸ್ಟರ್ ಕಡಿದಿದೆ.

ಪೋಲಾರಿಟಿಯ ವಿಚಾರವನ್ನು ಹಲವರು ಕಡೆಗಣಿಸುತ್ತಾರೆ. ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ಬಿಸಿಯಾಗಿರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಆದ್ದರಿಂದ ಅದು ನೆಗೆಟಿವ್ ಆಗಿದ್ದರೆ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತದೆ. ಫೋರ್ಡ್‌ನ 9ಎನ್, 8ಎನ್ ಟ್ರ್ಯಾಕ್ಟರುಗಳು ಮತ್ತು ಹಲವು ಹಳೆಯ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್‌ನವು, ಅಂದರೆ ಬ್ಯಾಟರಿಯ ಪ್ಲಸ್ ತುದಿ ವಾಹನದ ಮೈಗೆ ಸೇರಿರುವಂಥವು. ಅವುಗಳನ್ನು ನೆಗೆಟಿವ್ ಅರ್ತ್‌ಗೆ ಬದಲಿಸಿದಾಗ ಕಾಯಿಲ್‌ನ ಎರಡು ಸಣ್ಣ ತಂತಿಗಳನ್ನೂ ಅದಲು ಬದಲು ಮಾಡಬೇಕು. ಮರೆತರೂ ಎಂಜಿನ್ ಓಡುತ್ತದೆ, ಆದರೆ ಭಾರ ಎಳೆಯುವಾಗ ಮತ್ತು ತಂಪಿನಲ್ಲಿ ಚಾಲೂ ಆಗುವಾಗ ತೊಂದರೆ ಕೊಡುತ್ತದೆ. ನೆಗೆಟಿವ್ ಅರ್ತ್ ವಾಹನದಲ್ಲಿ ಕಾಯಿಲ್‌ನ ಮೈನಸ್ ಗುರುತು ಪಾಯಿಂಟಿನ ಕಡೆಗೂ, ಪಾಸಿಟಿವ್ ಅರ್ತ್ ವಾಹನದಲ್ಲಿ ಪ್ಲಸ್ ಗುರುತು ಪಾಯಿಂಟಿನ ಕಡೆಗೂ ಇರಬೇಕು.

ಕ್ಯಾಪ್, ರೋಟರ್, ವೈರ್, ಪ್ಲಗ್

ಕಾಯಿಲ್‌ನಿಂದ ಹೊರಡುವ ದಪ್ಪ ವೈರಿನಲ್ಲಿ ಬಲವಾದ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ಕರೆಂಟ್ ನಡುದಾರಿಯಲ್ಲಿ ಬೇರೆಡೆಗೆ ಹಾರುತ್ತಿದೆ. ಕ್ಯಾಪನ್ನು ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಳಮೈಯನ್ನು ನೋಡಬೇಕು. ಎರಡು ಟರ್ಮಿನಲ್‌ಗಳ ನಡುವೆ ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯ ಕಪ್ಪು ಗೆರೆ, ಬೇರಿನಂತೆ ಕವಲೊಡೆದು, ಕಂಡರೆ ಅದು ಕಿಡಿ ಸುಟ್ಟು ಮಾಡಿಕೊಂಡ ಇಂಗಾಲದ ದಾರಿ. ಕೆರೆದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ, ಒದ್ದೆ ಹವೆಯಲ್ಲಿ ಮರಳುತ್ತದೆ. ಕ್ಯಾಪ್ ಬದಲಾಯಿಸುವುದೊಂದೇ ಪರಿಹಾರ. ಕ್ಯಾಪಿನ ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನ ಬಲದಿಂದ ಒಳಹೊರಗೆ ಆಡುತ್ತಿರಬೇಕು.

ಕ್ಯಾಪಿನೊಳಗೆ ತಿರುಗುತ್ತ ಕಿಡಿಯನ್ನು ಒಂದೊಂದು ವೈರಿಗೂ ದಾಟಿಸುವ ರೋಟರ್ ಹೊರನೋಟಕ್ಕೆ ಹೊಸದಂತಿದ್ದು ಒಳಗೇ ಶಾಫ್ಟಿಗೆ ಕರೆಂಟ್ ಸೋರುವುದುಂಟು. ಇದನ್ನು ತಿಳಿಯಲು ರೋಟರನ್ನು ಅದರ ಜಾಗದಲ್ಲೇ ಬಿಟ್ಟು, ಕಾಯಿಲ್‌ನ ದಪ್ಪ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯ ಮೇಲೆ ಕೆಲವು ಮಿ.ಮೀ. ಎತ್ತರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಪಾಯಿಂಟನ್ನು ತೆರೆಯಬೇಕು. ಕಿಡಿ ಎಡೆಬಿಡದೆ ರೋಟರಿಗೆ ಹಾರುತ್ತಿದ್ದರೆ ರೋಟರ್ ಸೋರುತ್ತಿದೆ. ಸರಿಯಿರುವ ರೋಟರ್ ಕಿಡಿಗೆ ದಾರಿ ಕೊಡುವುದಿಲ್ಲ. ವೈರುಗಳ ದೋಷ ನೋಡಲು ಕತ್ತಲೆಯಲ್ಲಿ ಎಂಜಿನ್ ಓಡಿಸಿದರೆ ಸಾಕು, ಸೋರುವಲ್ಲಿ ನೀಲಿ ಮಿನುಗು ತಾನೇ ಕಾಣುತ್ತದೆ.

ಪ್ಲಗ್ಗಿನ ಬಗ್ಗೆ ಚುಟುಕಾಗಿ ಹೇಳುವುದಾದರೆ, ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಜಿಡ್ಡಿನ ಕಪ್ಪು ಎಂದರೆ ಎಣ್ಣೆ ಮೇಲೇರುತ್ತಿದೆ, ಬಿಳಿ ಬಣ್ಣ ಎಂದರೆ ಅತಿ ಬಿಸಿ. ಸೀಮೆಎಣ್ಣೆಯ ಟ್ರ್ಯಾಕ್ಟರನ್ನು ಚೆನ್ನಾಗಿ ಬಿಸಿಯಾಗುವ ಮೊದಲೇ ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸಿದರೆ ಪ್ಲಗ್ ಒದ್ದೆಯಾಗಿ ಕಿಡಿ ನಿಂತುಹೋಗುತ್ತದೆ. ಅದು ಇಗ್ನಿಷನ್ ದೋಷವಲ್ಲ. ವೈರುಗಳನ್ನು ಬಿಚ್ಚಿದ್ದರೆ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) ನೋಡಿಕೊಂಡೇ ಸಿಕ್ಕಿಸಬೇಕು. ನಾಲ್ಕು ಸಿಲಿಂಡರಿನ ಬಹಳಷ್ಟು ಎಂಜಿನ್ನುಗಳಲ್ಲಿ ಅದು 1-3-4-2, ಫೋರ್ಡ್ ಮಾಡೆಲ್ ಟಿ ಮತ್ತು 8ಎನ್‌ನಲ್ಲಿ 1-2-4-3.

ಬಿಸಿಯಾದ ಮೇಲೆ ಮಾತ್ರ ಬರುವ ದೋಷ

ಅರ್ಧ ಗಂಟೆ ಓಡಿ ನಿಲ್ಲುವ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುವ ಎಂಜಿನ್ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಬಿಸಿಗೆ ಕಾಯಿಲ್ ಅಥವಾ ಕಂಡೆನ್ಸರ್ ಕೈಕೊಡಬಹುದು, ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿರಲೂಬಹುದು. ಎಂಜಿನ್ ನಿಂತ ಮೊದಲ ಎರಡು ನಿಮಿಷಗಳಲ್ಲಿ ನೋಡಿದ್ದಷ್ಟೇ ಇಲ್ಲಿ ಸಾಕ್ಷ್ಯ. ಅದಕ್ಕಾಗಿ ಪರೀಕ್ಷೆಯ ಪ್ಲಗ್ಗನ್ನು ಟೂಲ್ ಬಾಕ್ಸಿನಲ್ಲಿ ಮೇಲೆಯೇ ಇಟ್ಟುಕೊಂಡು ಹೊರಡಬೇಕು. ನಿಂತ ಕೂಡಲೇ ಕಿಡಿ ನೋಡಿ, ಇದ್ದರೆ ಇಂಧನದ ಕಡೆ ಹೋಗಬೇಕು. ಇಲ್ಲದಿದ್ದರೆ ಅಲ್ಲಿಯೇ ಚೆನ್ನಾಗಿರುವ ಕಂಡೆನ್ಸರನ್ನು ಹಾಕಿ ನೋಡಬೇಕು, ಬಳಿಕ ಕಾಯಿಲ್. ಮನೆಗೆ ಎಳೆದು ತಂದು ಮರುದಿನ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಟೈಮಿಂಗ್

ಒಂದನೆಯ ಸಿಲಿಂಡರ್ ಕಂಪ್ರೆಷನ್‌ನಲ್ಲಿರುವಾಗ ಪುಲ್ಲಿ ಅಥವಾ ಫ್ಲೈವೀಲಿನ ಗುರುತನ್ನು ತಯಾರಕರು ಹೇಳಿದ ಜಾಗಕ್ಕೆ ತಂದು, ಮೇಲೆ ಹೇಳಿದ ಬಲ್ಬು ಸರಿಯಾಗಿ ಅದೇ ಕ್ಷಣಕ್ಕೆ ಬೆಳಗುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಯಬೇಕು. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿನ 1 ಡಿಗ್ರಿ ಕ್ರ್ಯಾಂಕಿನಲ್ಲಿ 2 ಡಿಗ್ರಿ. ಗುರುತಿಗೆ ಬರುವಾಗ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿಕೊಂಡು ಬರಬೇಕು, ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಬಾರದು. ಗೇರುಗಳ ಸಡಿಲ ಲೆಕ್ಕವನ್ನು ಕೆಡಿಸುತ್ತದೆ. ಬಳಿಕ ರೋಟರನ್ನು ಅದು ತಿರುಗುವ ದಿಕ್ಕಿಗೆ ಸ್ವಲ್ಪ ತಿರುಚಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ತಾನೇ ಹಿಂದಕ್ಕೆ ಮರಳಬೇಕು. ಮರಳದಿದ್ದರೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದಕ್ಕೆ ತರುವ ಒಳಗಿನ ಅಡ್ವಾನ್ಸ್ ತೂಕಗಳು ಜಿಡ್ಡುಗಟ್ಟಿ ಹಿಡಿದುಕೊಂಡಿವೆ.

ಮ್ಯಾಗ್ನೆಟೊ

ಮ್ಯಾಗ್ನೆಟೊದಲ್ಲಿ ಕಿಡಿ ಇಲ್ಲದಿದ್ದರೆ ಮೊದಲು ಸ್ವಿಚ್ಚಿಗೆ ಹೋಗುವ ತಂತಿಯನ್ನು ಮ್ಯಾಗ್ನೆಟೊದಿಂದಲೇ ಬಿಚ್ಚಿ ತಿರುಗಿಸಿ ನೋಡಬೇಕು. ಕಿಡಿ ಬಂದರೆ ಮ್ಯಾಗ್ನೆಟೊ ಸರಿಯಿದೆ. ತಂತಿ ಎಲ್ಲೋ ಉಜ್ಜಿ ಚಾಸಿಗೆ ತಾಗುತ್ತಿದೆ ಅಥವಾ ಸ್ವಿಚ್ ಒಳಗೆ ಅಂಟಿಕೊಂಡಿದೆ. ಇದನ್ನು ನೋಡದೆ ಮ್ಯಾಗ್ನೆಟೊ ಕಳಚಿದವರು ಟೈಮಿಂಗ್ ಕಳೆದುಕೊಂಡು ಎರಡು ಪಟ್ಟು ಕೆಲಸ ತಂದುಕೊಳ್ಳುತ್ತಾರೆ. ಬಿಚ್ಚಿದ ತಂತಿಯೊಂದಿಗೆ ಎಂಜಿನ್ ಹತ್ತಿಕೊಂಡರೆ ಸ್ವಿಚ್ಚಿನಿಂದ ನಿಲ್ಲದು, ಪೆಟ್ರೋಲ್ ಮುಚ್ಚಿಯೋ ಟರ್ಮಿನಲನ್ನು ಅರ್ತ್‌ಗೆ ತಾಗಿಸಿಯೋ ನಿಲ್ಲಿಸಬೇಕು.

ಟ್ರ್ಯಾಕ್ಟರುಗಳ ಮ್ಯಾಗ್ನೆಟೊದಲ್ಲಿ ಇಂಪಲ್ಸ್ ಕಪ್ಲಿಂಗ್ ಇರುತ್ತದೆ. ಕೈಯಿಂದ ತಿರುಗಿಸುವಾಗ ಅದರ ಕೊಕ್ಕೆ ಮ್ಯಾಗ್ನೆಟೊದ ತಿರುಗುವ ಭಾಗವಾದ ರೋಟರನ್ನು ಹಿಡಿದು ನಿಲ್ಲಿಸಿ, ಸ್ಪ್ರಿಂಗ್ ಸುತ್ತಿಕೊಂಡು, ಸರಿಯಾದ ಹೊತ್ತಿಗೆ ಥಟ್ಟನೆ ಬಿಡುತ್ತದೆ. ಇದರಿಂದ ಎಂಜಿನ್ ನಿಧಾನವಾಗಿ ತಿರುಗಿದರೂ ರೋಟರ್ ಜೋರಾಗಿ ಚಿಮ್ಮಿ ಬಲವಾದ ಕಿಡಿ ಕೊಡುತ್ತದೆ, ಕಿಡಿಯೂ ತಡವಾಗಿ ಬಂದು ಹಿಂದೊದೆತ ತಪ್ಪುತ್ತದೆ. ವೇಗ ಏರಿದ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಗೆ ಸರಿದು ಸುಮ್ಮನಾಗುತ್ತವೆ. ಹ್ಯಾಂಡಲ್ ತಿರುಗಿಸುವಾಗ ಆ ‘ಟಕ್’ ಸದ್ದು ಕೇಳಲೇಬೇಕು. ಸದ್ದಿಲ್ಲದಿದ್ದರೆ ಹಳೆಯ ಎಣ್ಣೆ ಗಟ್ಟಿಯಾಗಿ ಕೊಕ್ಕೆ ಅಂಟಿಕೊಂಡಿದೆ; ಸೀಮೆಎಣ್ಣೆಯಿಂದ ತೊಳೆದು ತೆಳುವಾದ ಎಣ್ಣೆಯ ಒಂದೆರಡು ಹನಿ ಬಿಡಬೇಕು, ಗ್ರೀಸ್ ಹಚ್ಚಬಾರದು. ಈ ಸ್ಥಿತಿಯಲ್ಲಿ ಎಂಜಿನ್ನನ್ನು ಕೈಯಿಂದ ಚಾಲೂ ಮಾಡಲು ಹೋಗುವುದು ಅಪಾಯ, ಏಕೆಂದರೆ ಕಿಡಿ ಪೂರ್ತಿ ಮುಂದಿರುತ್ತದೆ.

ಪಾಯಿಂಟಿನ ಸಂದು ಹೆಚ್ಚಿನ ಮ್ಯಾಗ್ನೆಟೊಗಳಲ್ಲಿ 0.012ರಿಂದ 0.015 ಇಂಚು. ತಣ್ಣಗಿರುವಾಗ ಒಳ್ಳೆಯ ಕಿಡಿ, ಬಿಸಿಯಾದಾಗ ಶೂನ್ಯ ಎಂದಾದರೆ ಬಹುಪಾಲು ಒಳಗಿನ ಕಂಡೆನ್ಸರೇ ಕಾರಣ, ಅಪರೂಪಕ್ಕೆ ಸುರುಳಿ. ಹಳೆಯ ಆರ್ಮೇಚರುಗಳ (ಸುರುಳಿ ಸುತ್ತಿದ ತಿರುಗುವ ಭಾಗ) ಸುರುಳಿಗೆ ಅರಗಿನ ಲೇಪವಿರುತ್ತಿತ್ತು. ಬಿಸಿಗೆ ಅದು ಮೆತ್ತಗಾಗಿ ಹೊರಗೆ ಒಸರಿ ಆರ್ಮೇಚರ್ ತಿರುಗದಂತೆ ಹಿಡಿದುಕೊಳ್ಳುವುದೂ ಉಂಟು. ಇವೆರಡಕ್ಕೂ ಸುರುಳಿ ಸುತ್ತುವವರ ಬಳಿಗೇ ಒಯ್ಯಬೇಕು. ಆದರೆ ಆರ್ಮೇಚರನ್ನು ಹೊರಗೆ ತೆಗೆಯುವ ಮುನ್ನ ಲಾಳಾಕಾರದ ಅಯಸ್ಕಾಂತದ ಎರಡು ತುದಿಗಳಿಗೂ ಅಡ್ಡವಾಗಿ ಮೆದು ಕಬ್ಬಿಣದ ಪಟ್ಟಿ ಇಡಬೇಕು, ಇಲ್ಲದಿದ್ದರೆ ಅಯಸ್ಕಾಂತದ ಬಲ ಕುಂದಿ, ಸುರುಳಿ ಹೊಸದಾಗಿದ್ದರೂ ಕಿಡಿ ಮೊದಲಿನಂತೆ ಬರುವುದಿಲ್ಲ. ಮ್ಯಾಗ್ನೆಟೊವನ್ನು ಬೆಂಚಿನ ಮೇಲೆ ತಿರುಗಿಸಿ ನೋಡುವಾಗ ಪ್ಲಗ್ಗಿನ ವೈರುಗಳ ತುದಿಗಳನ್ನು ಗಾಳಿಯಲ್ಲಿ ತೂಗಬಿಡದೆ, ಪ್ರತಿಯೊಂದಕ್ಕೂ ಅದರ ಮೈಯಿಂದ 5 ಮಿ.ಮೀ. ದೂರದಲ್ಲಿ ಹಾರುವ ದಾರಿ ಮಾಡಿಕೊಡಬೇಕು. ಹೊರಗೆ ದಾರಿ ಸಿಗದ ಕಿಡಿ ಸುರುಳಿಯೊಳಗೇ ದಾರಿ ಮಾಡಿಕೊಳ್ಳುತ್ತದೆ.